ಹಡಗಿನಾಗ ಡ್ರೋನ್ ಬಿಡ್ತಾರೇನ್ರಿ?

ಪ್ರಶ್ನೆ: ಅಪ್ಪ-ಅವ್ವನ್ನ ಕರಕೊಂಡು ಮುಂಬೈಯಿಂದ ಕ್ರೂಸ್ ಹೊಂಟೀವ್ರಿ. ಗೋವಾ, ಕೊಚ್ಚಿ ಬಂದರಿನಾಗ ಡ್ರೋನ್ ಹಾರಿಸಿ ಫೋಟೊ ತಗೀಬೇಕಂತೀನಿ. ನಂದು 249 ಗ್ರಾಂ ಅಷ್ಟ. ನಡೀತೈತೇನ್ರಿ?
– ಓದುಗ, ವಿಜಯಪುರ

ಉತ್ತರ: ಮೊದಲು ಹಡಗಿನ ಕಂಪನಿಗೆ ಬರೆದು ಕೇಳಿರಿ. ಕೆಲವರು ಡ್ರೋನ್ ಹತ್ತಿಸಿಕೊಳ್ಳುವುದೇ ಇಲ್ಲ. ಕೆಲವರು ತಮ್ಮ ವಶದಲ್ಲಿಟ್ಟುಕೊಂಡು ಬಂದರಿನಲ್ಲಿ ಇಳಿಯುವಾಗ ಕೊಡುತ್ತಾರೆ. ಡೆಕ್ ಮೇಲಿಂದ ಹಾರಿಸುವ ಮಾತಂತೂ ಬೇಡ.

250 ಗ್ರಾಂವರೆಗಿನದು ನ್ಯಾನೊ. 2021ರ ಡ್ರೋನ್ ನಿಯಮಗಳಂತೆ ಅದಕ್ಕೆ ಪೈಲಟ್ ಪ್ರಮಾಣಪತ್ರ ಬೇಡ, ನಿಜ. ಆದರೆ ಕೆಂಪು ವಲಯ, ಅಂದರೆ ಕೇಂದ್ರ ಸರ್ಕಾರದ ಅನುಮತಿಯಿಲ್ಲದೆ ಡ್ರೋನ್ ಹಾರಿಸಬಾರದ ಜಾಗ, ಅದಕ್ಕೂ ಕೆಂಪೇ! ಮುರ್ಮಗಾಂವ್ ಬಂದರಿನ ಪಕ್ಕದಲ್ಲೇ ದಾಬೋಲಿಮ್‌ನ ನೌಕಾಪಡೆ ವಿಮಾನ ನೆಲೆ. ಕೊಚ್ಚಿಯಲ್ಲಿ ದಕ್ಷಿಣ ನೌಕಾ ಕಮಾಂಡ್. ಹಡಗಿನಿಂದ ಇಳಿದಲ್ಲೇ ಹಾರಿಸುವ ಆಸೆ ಬಿಡಿ. ಊರೊಳಗೆ ಹೋದರೂ ಡ್ರೋನ್ ವಲಯಗಳನ್ನು ಬಣ್ಣದಲ್ಲಿ ತೋರಿಸುವ ಸರ್ಕಾರದ ಡಿಜಿಟಲ್ ಸ್ಕೈ ಜಾಲತಾಣದ ನಕ್ಷೆಯಲ್ಲಿ ಆ ಜಾಗ ಹಸಿರಿದೆಯೇ ನೋಡಿ. ಹಳೆ ಗೋವಾದ ಚರ್ಚುಗಳಿಗೆ, ನಿಮ್ಮ ಗೋಳಗುಮ್ಮಟದಂತೆಯೇ, ಪುರಾತತ್ವ ಇಲಾಖೆಯ ಅನುಮತಿಯೂ ಬೇಕು.

ಬೆಳಗಾವಿಯಿಂದ ವಿಮಾನ ಹತ್ತುವುದಾದರೆ ಬಿಡಿ ಬ್ಯಾಟರಿಗಳು ಕೈಚೀಲದಲ್ಲೇ ಇರಲಿ, ತುದಿಗಳಿಗೆ ಟೇಪ್ ಸುತ್ತಿ. ಚೆಕ್-ಇನ್ ಸೂಟ್‌ಕೇಸಿನಲ್ಲಿ ಅವನ್ನು ಹಾಕುವಂತಿಲ್ಲ.