8 ಜಿಬಿ ರ‍್ಯಾಮಿನ ಹಳೆಯ ಡೆಸ್ಕ್‌ಟಾಪಿನಲ್ಲಿ ಓಪನ್‌ಫೋಮ್ ಹಾಕಿ ಕೆಲಸ ಮಾಡಬಹುದೇ?

ನೀವು ಕೇಳಿದ್ದು ಇಷ್ಟು: ಕಾಸರಗೋಡಿನ ಬದಿಯಡ್ಕದ ಹತ್ತಿರ ಮನೆ, ಇಂಜಿನಿಯರಿಂಗ್ ಕೊನೆಯ ವರ್ಷ. ಮನೆಯ ಅಂಗಳದಲ್ಲಿ ಪ್ಲಾಸ್ಟಿಕ್ ಹಾಳೆ ಹೊದಿಸಿದ ಅಡಿಕೆ ಒಣಗಿಸುವ ಗೂಡು ಇದೆ, ಅದರೊಳಗೆ ಬಿಸಿಗಾಳಿ ಹೇಗೆ ಓಡಾಡುತ್ತದೆ ಎಂದು ಲೆಕ್ಕ ಹಾಕುವುದು ನಿಮ್ಮ ಪ್ರಾಜೆಕ್ಟ್. ಕಂಪ್ಯೂಟರ್ ನಾಲ್ಕು ಕೋರಿನದು, 8 ಜಿಬಿ ರ‍್ಯಾಮ್, ವಿಂಡೋಸ್ 10. ಲೈಸೆನ್ಸ್ ಕೊಳ್ಳಲು ಹಣವಿಲ್ಲ. ಗಾಳಿ, ನೀರುಗಳ ಹರಿವನ್ನು ಲೆಕ್ಕ ಹಾಕುವ ಉಚಿತ ಸಾಫ್ಟ್‌ವೇರ್ ಆದ ಓಪನ್‌ಫೋಮ್‌ನ ಸೋರ್ಸ್ ಕೋಡ್ ಇಳಿಸಿಕೊಂಡು ಕಂಪೈಲ್ ಮಾಡಲು ಹೊರಟವರು ಅರ್ಧ ದಾರಿಯಲ್ಲಿ ನಿಂತಿದ್ದೀರಿ.

ಈ ಯಂತ್ರದಲ್ಲಿ ಧಾರಾಳವಾಗಿ ಆಗುತ್ತದೆ. ನಾನು ಪೆರ್ಲದವನು, ಕಟ್ಟಡಗಳ ಹವಾನಿಯಂತ್ರಣದ ಡಕ್ಟ್ ವಿನ್ಯಾಸ ಮಾಡುವುದು ನನ್ನ ಕೆಲಸ, ಓಪನ್‌ಫೋಮ್ ನನಗೆ ದಿನನಿತ್ಯದ ಸಲಕರಣೆ. ಕಂಪೈಲ್ ಮಾಡುವ ಪ್ರಯತ್ನವನ್ನು ಇವತ್ತೇ ಕೈಬಿಡಿ ಎಂಬುದು ನನ್ನ ಮೊದಲ ಸಲಹೆ. ನಾಲ್ಕು ಕೋರಿನಲ್ಲಿ ಅದಕ್ಕೆ ಗಂಟೆಗಟ್ಟಲೆ ಬೇಕು, ನಡುವೆ ಒಂದು ಲೈಬ್ರರಿ ಸಿಗದಿದ್ದರೂ ಎಲ್ಲವೂ ನಿಲ್ಲುತ್ತದೆ. ಸಾಲ್ವರಿನ, ಅಂದರೆ ಲೆಕ್ಕ ಬಿಡಿಸುವ ಪ್ರೋಗ್ರಾಮಿನ, ಒಳಗಿನ ಕೋಡನ್ನು ತಿದ್ದುವವರಿಗೆ ಅದು ಬೇಕು, ನಿಮಗೆ ಬೇಡ. ಲಿನಕ್ಸಿನ ಒಂದು ಬಗೆಯಾದ ಉಬುಂಟುವಿಗೆ ಸಿದ್ಧ ಪ್ಯಾಕೇಜ್ ಇದೆ.

ಅದಕ್ಕೂ ಮುಂಚೆ ಒಂದು ಗೊಂದಲ ಬಗೆಹರಿಯಬೇಕು. 1980ರ ದಶಕದ ಕೊನೆಯಲ್ಲಿ ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ ಹೆನ್ರಿ ವೆಲ್ಲರ್ ಆರಂಭಿಸಿದ ಈ ಸಾಫ್ಟ್‌ವೇರ್ 2004ರ ಡಿಸೆಂಬರಿನಲ್ಲಿ ಜಿಪಿಎಲ್ ಪರವಾನಗಿಯಡಿ ಎಲ್ಲರಿಗೂ ಮುಕ್ತವಾಯಿತು. ಈಗ ಅದೇ ಹೆಸರಿನಲ್ಲಿ ಎರಡು ಕವಲುಗಳಿವೆ. ಓಪನ್‌ಫೋಮ್ ಫೌಂಡೇಶನ್ ಹೊರತರುವ ಕವಲಿಗೆ 11, 12, 13 ಎಂಬಂತೆ ಸಂಖ್ಯೆ. ಓಪನ್‌ಸಿಎಫ್‌ಡಿ ಕಂಪನಿ ಹೊರತರುವುದಕ್ಕೆ 2406, 2412 ಎಂಬಂತೆ, ಅಂದರೆ ವರ್ಷ ಮತ್ತು ತಿಂಗಳು. ಎರಡೂ ಒಳ್ಳೆಯವೇ, ಆದರೆ ಒಂದರ ಪಾಠವನ್ನು ಇನ್ನೊಂದರಲ್ಲಿ ಓಡಿಸಲು ಹೋದರೆ ಮುಗ್ಗರಿಸುತ್ತೀರಿ. ದ್ರವದ ಸ್ನಿಗ್ಧತೆ (ಹರಿಯಲು ಒಡ್ಡುವ ತಡೆ) ಬರೆಯುವ ಫೈಲಿನ ಹೆಸರು ಓಪನ್‌ಸಿಎಫ್‌ಡಿಯ ಕವಲಿನಲ್ಲಿ ‘ಟ್ರಾನ್ಸ್‌ಪೋರ್ಟ್‌ಪ್ರಾಪರ್ಟೀಸ್’, ಫೌಂಡೇಶನ್ನಿನ ಹೊಸ ಆವೃತ್ತಿಗಳಲ್ಲಿ ‘ಫಿಸಿಕಲ್‌ಪ್ರಾಪರ್ಟೀಸ್’. ಸಾಲ್ವರ್ ಕರೆಯುವ ರೀತಿಯೂ ಬೇರೆಯಾಗಿದೆ. ಯೂಟ್ಯೂಬ್ ಪಾಠ ನೋಡಿ ಮಾಡಿದ್ದು ನಡೆಯಲಿಲ್ಲ ಎಂದು ಬರುವ ದೂರುಗಳಲ್ಲಿ ಹೆಚ್ಚಿನವುಗಳ ಬೇರು ಇಲ್ಲಿದೆ. ನೀವು ಓಪನ್‌ಸಿಎಫ್‌ಡಿಯ ಕವಲನ್ನು ಹಾಕಿ. ಮುಂದೆ ಹೇಳುವುದೆಲ್ಲ ಅದಕ್ಕೆ ಹೊಂದುತ್ತದೆ. ಕಮಾಂಡುಗಳ ಹೆಸರನ್ನು ಕನ್ನಡ ಲಿಪಿಯಲ್ಲಿ ಬರೆಯುತ್ತಿದ್ದೇನೆ. ಟರ್ಮಿನಲ್ಲಿನಲ್ಲಿ (ಕಮಾಂಡ್ ಹೊಡೆಯುವ ಕಿಟಕಿಯಲ್ಲಿ) ಇಂಗ್ಲಿಷ್ ಅಕ್ಷರಗಳಲ್ಲಿ ಒಂದೇ ಪದವಾಗಿ ಹೊಡೆಯಬೇಕು. ಜೋಡಿಸಿದ ಎರಡನೆಯ ಪದದ ಮೊದಲ ಅಕ್ಷರ ದೊಡ್ಡದು. ಅದು ಚಿಕ್ಕದಾದರೆ ಲಿನಕ್ಸ್ ಗುರುತಿಸುವುದಿಲ್ಲ.

ವಿಂಡೋಸ್ ಒಳಗೇ ಡಬ್ಲ್ಯುಎಸ್‌ಎಲ್ ಹಾಕಿ ಉಬುಂಟು ಓಡಿಸಬಹುದು. ರುಚಿ ನೋಡಲು ಅಷ್ಟು ಸಾಕು. ಆದರೆ ಅದರ ಎರಡನೆಯ ಆವೃತ್ತಿ ಯಂತ್ರದ ರ‍್ಯಾಮಿನ ಅರ್ಧವನ್ನಷ್ಟೇ ತಾನಾಗಿ ತೆಗೆದುಕೊಳ್ಳುತ್ತದೆ, ನಿಮಗೆ ಸಿಗುವುದು 4 ಜಿಬಿ. ಮೇಲಾಗಿ 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಬೆಂಬಲ ಮುಗಿದಿದೆ. ಆದ್ದರಿಂದ ಪ್ರತ್ಯೇಕ ಎಸ್‌ಎಸ್‌ಡಿಯೊಂದನ್ನು ಹಾಕಿಸಿ ಅದರಲ್ಲಿ ಉಬುಂಟು 24.04 ನೇರವಾಗಿ ಹಾಕಿ ಎನ್ನುತ್ತೇನೆ. 240 ಜಿಬಿಯದು ಸಾಕು. ಇನ್‌ಸ್ಟಾಲ್ ಮಾಡುವಾಗ ಹಳೆಯ ಡಿಸ್ಕಿನ ಕೇಬಲ್ ಕಳಚಿಡಿ. ಆಗ ಮನೆಯವರ ಫೋಟೊ, ಕಡತಗಳಿರುವ ವಿಂಡೋಸಿಗೆ ಕೂದಲೂ ಕೊಂಕುವುದಿಲ್ಲ.

ಲಿನಕ್ಸ್ ಎಂದರೆ ಹೆದರಿಕೆ ಎಂದು ಬರೆದಿದ್ದೀರಿ. ನೀವು ಇಲ್ಲಿಯ ಸರಕಾರಿ ಅಥವಾ ಅನುದಾನಿತ ಶಾಲೆಯಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿದವರಾದರೆ ಆ ಹೆದರಿಕೆಗೆ ಕಾರಣವೇ ಇಲ್ಲ. ಕೇರಳದ ಶಾಲೆಗಳ ಐಟಿ ಪಾಠ ನಡೆಯುವುದೇ ಲಿನಕ್ಸಿನಲ್ಲಿ. ಶಾಲಾ ಕಂಪ್ಯೂಟರ್ ಯೋಜನೆಯಾದ ಐಟಿ@ಸ್ಕೂಲ್ ಕಾಲದಿಂದ ಹಾಗೆ, ಈಗ ಅದರ ಜಾಗದಲ್ಲಿರುವ ಸರಕಾರಿ ಸಂಸ್ಥೆ ಕೈಟ್ ಕೊಡುವುದೂ ಉಬುಂಟುವನ್ನು ಆಧರಿಸಿದ್ದೇ. ಐಟಿ ಪಠ್ಯಪುಸ್ತಕ ಕನ್ನಡದಲ್ಲೂ ಬರುತ್ತದೆ. ನೀವು ಹತ್ತನೆಯ ತರಗತಿಯಲ್ಲಿ ಗಣಿತದ ಸಾಫ್ಟ್‌ವೇರ್ ಜಿಯೋಜೀಬ್ರಾ ತೆರೆದ ಪರದೆ ಇದೇ ಜಾತಿಯದು. ದೊಡ್ಡ ನಗರಗಳಿಂದ ಬಂದ ಎಷ್ಟೋ ಇಂಜಿನಿಯರುಗಳು ಕೆಲಸಕ್ಕೆ ಸೇರಿದ ಮೇಲೆ ಮೊದಲ ಸಲ ಲಿನಕ್ಸ್ ನೋಡುತ್ತಾರೆ. ನಮ್ಮ ಗಡಿನಾಡಿನ ಮಕ್ಕಳಿಗೆ ಅದು ಶಾಲೆಯಲ್ಲೇ ಸಿಕ್ಕಿದೆ, ಆ ಲಾಭವನ್ನು ಬಿಡಬೇಡಿ.

ಉಬುಂಟುವಿನ ಸ್ವಂತ ಭಂಡಾರದಲ್ಲೂ ಓಪನ್‌ಫೋಮ್ ಎಂಬ ಪ್ಯಾಕೇಜ್ ಇದೆ, ಅದು ಹಳೆಯದು. ಓಪನ್‌ಸಿಎಫ್‌ಡಿಯ ತಾಣದಲ್ಲಿ ಉಬುಂಟುವಿಗೆಂದು ಕೊಟ್ಟಿರುವ ಸಾಲುಗಳನ್ನು ನಕಲು ಮಾಡಿ ಟರ್ಮಿನಲ್ಲಿಗೆ ಅಂಟಿಸಿ. ಮೊದಲ ಸಾಲು ಅವರ ಭಂಡಾರವನ್ನು ಸೇರಿಸುತ್ತದೆ, ಮುಂದಿನದು ‘ಡೀಫಾಲ್ಟ್’ ಎಂದು ಕೊನೆಗೊಳ್ಳುವ ಪ್ಯಾಕೇಜನ್ನು ಹಾಕುತ್ತದೆ. ಫಲಿತಾಂಶ ನೋಡಲು ಪ್ಯಾರಾವ್ಯೂ ಬೇರೆಯಾಗಿ ಬೇಕು. ಹಾಕಿ ಮುಗಿದ ಮೇಲೂ ‘ಕಮಾಂಡ್ ಸಿಗಲಿಲ್ಲ’ ಎಂದು ಬಂದರೆ ಗಾಬರಿಯಾಗಿ ಮತ್ತೆ ಇನ್‌ಸ್ಟಾಲ್ ಮಾಡಬೇಡಿ. ಓಪನ್‌ಫೋಮ್ ತನ್ನ ಪರಿಸರವನ್ನು ಪ್ರತಿ ಟರ್ಮಿನಲ್ಲಿನಲ್ಲೂ ಹೊಸದಾಗಿ ಸಜ್ಜುಗೊಳಿಸಬೇಕು. ಆವೃತ್ತಿಯ ಸಂಖ್ಯೆ ಸೇರಿಸಿ ‘ಓಪನ್‌ಫೋಮ್2412’ ಎಂದು (ಇದೊಂದರಲ್ಲಿ ಎಲ್ಲವೂ ಚಿಕ್ಕ ಅಕ್ಷರ) ಹೊಡೆದರೆ ಆ ಪರಿಸರ ತೆರೆಯುತ್ತದೆ. ಫೋಲ್ಡರಿನ ಹೆಸರಿನಲ್ಲಿ ಖಾಲಿ ಜಾಗ ಬಿಡಬೇಡಿ, ಓಪನ್‌ಫೋಮಿಗೆ ಅದು ಆಗಿಬರುವುದಿಲ್ಲ.

ಪ್ಯಾಕೇಜ್ ಕುಳಿತ ಮಾತ್ರಕ್ಕೆ ಇನ್‌ಸ್ಟಾಲ್ ಆಯಿತು ಎಂದು ನಾನು ಒಪ್ಪುವುದಿಲ್ಲ. ಉತ್ತರ ಮೊದಲೇ ಗೊತ್ತಿರುವ ಒಂದು ಲೆಕ್ಕವನ್ನು ಆ ಯಂತ್ರ ಸರಿಯಾಗಿ ಮಾಡಿ ತೋರಿಸಬೇಕು. ಹೊಸ ತಕ್ಕಡಿಯಲ್ಲಿ ಮೊದಲು ಗೊತ್ತಿರುವ ತೂಕದ ಕಲ್ಲನ್ನಿಟ್ಟು ನೋಡುವ ಹಾಗೆ. ಅದಕ್ಕೆ ಓಪನ್‌ಫೋಮಿನೊಂದಿಗೇ ಬರುವ ‘ಕ್ಯಾವಿಟಿ’ ಮಾದರಿ ಹೇಳಿ ಮಾಡಿಸಿದಂತಿದೆ. 0.1 ಮೀಟರ್ ಬದಿಯ ಚೌಕದ ಪೆಟ್ಟಿಗೆ, ಒಳಗೆ ದ್ರವ, ಮೇಲಿನ ಮುಚ್ಚಳ ಸೆಕೆಂಡಿಗೆ 1 ಮೀಟರ್ ವೇಗದಲ್ಲಿ ಪಕ್ಕಕ್ಕೆ ಸರಿಯುತ್ತಿರುತ್ತದೆ. ಮೂಲ ಫೋಲ್ಡರನ್ನು ಮುಟ್ಟದೆ ನಿಮ್ಮ ಹೋಮ್ ಫೋಲ್ಡರಿಗೆ ನಕಲು ಮಾಡಿಕೊಳ್ಳಿ. ತೆರೆದರೆ ಮೂರು ಉಪಫೋಲ್ಡರುಗಳು ಕಾಣುತ್ತವೆ: ‘0’ರಲ್ಲಿ ಆರಂಭದ ವೇಗ ಮತ್ತು ಒತ್ತಡ, ‘ಕಾನ್‌ಸ್ಟಂಟ್’ನಲ್ಲಿ ದ್ರವದ ಗುಣ, ‘ಸಿಸ್ಟಮ್’ನಲ್ಲಿ ಮೆಶ್ಶಿನ (ಲೆಕ್ಕಕ್ಕಾಗಿ ಜಾಗವನ್ನು ಸಣ್ಣ ಕೋಶಗಳಾಗಿ ವಿಂಗಡಿಸಿದ ಬಲೆಯ) ವಿವರ ಮತ್ತು ಓಡಿಸುವ ಕ್ರಮ. ಎಲ್ಲವೂ ಬರಿಯ ಪಠ್ಯದ ಫೈಲುಗಳು, ಯಾವ ಎಡಿಟರಿನಲ್ಲಾದರೂ ತಿದ್ದಬಹುದು. ‘ಬ್ಲಾಕ್‌ಮೆಶ್’ ಹೊಡೆದರೆ 20 × 20, ಅಂದರೆ 400 ಕೋಶಗಳ ಮೆಶ್ ಸಿದ್ಧ. ‘ಐಕೋಫೋಮ್’ ಹೊಡೆದರೆ 0.005 ಸೆಕೆಂಡಿನ ಹೆಜ್ಜೆಗಳಲ್ಲಿ 0.5 ಸೆಕೆಂಡಿನವರೆಗೆ ಲೆಕ್ಕ ಓಡುತ್ತದೆ. ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುತ್ತದೆ.

ಇಲ್ಲಿಗೆ ನಿಲ್ಲಬೇಡಿ. ಮಾದರಿಯಲ್ಲಿ ಸ್ನಿಗ್ಧತೆ 0.01 ಎಂದಿರುತ್ತದೆ, ರೆನಾಲ್ಡ್ಸ್ ಸಂಖ್ಯೆ (ವೇಗ × ಪೆಟ್ಟಿಗೆಯ ಬದಿ ÷ ಸ್ನಿಗ್ಧತೆ) 10 ಆಗುತ್ತದೆ. ಅದನ್ನು 0.001 ಮಾಡಿದರೆ ರೆನಾಲ್ಡ್ಸ್ ಸಂಖ್ಯೆ 100. ಕೊನೆಯ ಸಮಯವನ್ನು 2 ಸೆಕೆಂಡಿಗೆ ಏರಿಸಿ, ಹರಿವು ಸ್ಥಿರವಾಗಲಿ. ಈ ಲೆಕ್ಕಕ್ಕೆ ಘಿಯಾ, ಘಿಯಾ ಮತ್ತು ಶಿನ್ ಎಂಬ ಮೂವರು ಸಂಶೋಧಕರು 1982ರಲ್ಲಿ ಪ್ರಕಟಿಸಿದ ಕೋಷ್ಟಕವಿದೆ, ಇಂದಿಗೂ ಎಲ್ಲರೂ ಅದನ್ನೇ ಅಳತೆಗೋಲಾಗಿ ಬಳಸುತ್ತಾರೆ. ಪೆಟ್ಟಿಗೆಯ ನಟ್ಟನಡುವೆ ಕೆಳಗಿನಿಂದ ಮೇಲಕ್ಕೆ ಗೆರೆ ಎಳೆದರೆ, ಎತ್ತರದ ಸುಮಾರು 45 ಶೇಕಡಾದಲ್ಲಿ ದ್ರವ ಮುಚ್ಚಳಕ್ಕೆ ವಿರುದ್ಧ ದಿಕ್ಕಿನಲ್ಲಿ ಅತಿ ಹೆಚ್ಚು ವೇಗದಿಂದ ಹರಿಯುತ್ತದೆ. ಆ ವೇಗ ಮುಚ್ಚಳದ ವೇಗದ 0.21 ಪಾಲು. ಫೋಲ್ಡರಿನಲ್ಲಿ ‘ಫೋಮ್’ ವಿಸ್ತರಣೆಯ ಖಾಲಿ ಫೈಲೊಂದನ್ನು ಮಾಡಿ ಪ್ಯಾರಾವ್ಯೂನಲ್ಲಿ ತೆರೆಯಿರಿ. ‘ಪ್ಲಾಟ್ ಓವರ್ ಲೈನ್’ ಆಯ್ಕೆಯಿಂದ ನಡುವಿನ ಗೆರೆಯ ಮೇಲಿನ ವೇಗ ಬಿಡಿಸಿ. ಬುಡದಿಂದ 45 ಮಿಲಿಮೀಟರ್ ಎತ್ತರದ ಆಸುಪಾಸಿನಲ್ಲಿ ಋಣ 0.2ರ ಹತ್ತಿರದ ತಗ್ಗು ಕಾಣಬೇಕು. ಆಮೇಲೆ ಮೆಶ್ಶನ್ನು 40 × 40 ಮಾಡಿ, ಸಮಯದ ಹೆಜ್ಜೆಯನ್ನು 0.0025ಕ್ಕೆ ಇಳಿಸಿ ಮತ್ತೆ ಓಡಿಸಿ. ಹೆಜ್ಜೆ ಇಳಿಸದಿದ್ದರೆ ಕೊರಾಂಟ್ ಸಂಖ್ಯೆ (ಒಂದು ಹೆಜ್ಜೆಯಲ್ಲಿ ದ್ರವ ಎಷ್ಟು ಕೋಶ ಸಾಗುತ್ತದೆ ಎಂಬುದು) 1 ದಾಟುತ್ತದೆ, ಲೆಕ್ಕ ಕೆಡಬಹುದು. ಮೆಶ್ ಸಣ್ಣದಾದಂತೆ ನಿಮ್ಮ ತಗ್ಗು ಕೋಷ್ಟಕದ ಅಂಕಿಯತ್ತ ಸರಿಯುವುದನ್ನು ಕಣ್ಣಾರೆ ನೋಡುತ್ತೀರಿ. ಪ್ರಾಜೆಕ್ಟ್ ವರದಿಯಲ್ಲಿ ಈ ಹೋಲಿಕೆಗೆ ಒಂದು ಪುಟ ಕೊಡಿ. ಪರೀಕ್ಷಕರು ಬಣ್ಣಬಣ್ಣದ ಚಿತ್ರ ಬೇಕಾದಷ್ಟು ನೋಡಿರುತ್ತಾರೆ, ಅವರು ಹುಡುಕುವುದು ಈ ಪುಟವನ್ನು.

ಈಗ ಗೂಡಿಗೆ ಬರೋಣ. ಅಂಗಳದ ಬಿಸಿಲಿನಲ್ಲಿ ಚಾಲಿ ಅಡಿಕೆ ಒಣಗಲು 40–45 ದಿನ ಬೇಕು, ನಡುವೆ ಅಕಾಲದ ಮಳೆ ಬಂದರೆ ಬೂಸ್ಟು. ಗೂಡಿನೊಳಗೆ ಗಾಳಿ ಎಲ್ಲಿ ನಿಂತುಹೋಗುತ್ತದೆ ಎಂದು ತಿಳಿದರೆ ಕಿಂಡಿ ಎಲ್ಲಿಡಬೇಕೆಂದು ಹೇಳಬಹುದು. ಇದು ನಿಜವಾಗಿ ಉಪಯೋಗಕ್ಕೆ ಬರುವ ಪ್ರಾಜೆಕ್ಟ್, ನೀವು ಇದನ್ನು ಆರಿಸಿಕೊಂಡದ್ದು ನನಗೆ ತುಂಬ ಸಂತೋಷ. ಆದರೆ ಬಿಸಿಲು, ಗಾಳಿ, ಅಡಿಕೆಯ ತೇವ ಎಲ್ಲವನ್ನೂ ಮೊದಲ ದಿನವೇ ಒಟ್ಟಿಗೆ ಹಿಡಿಯಲು ಹೋಗಬೇಡಿ. ಗೂಡಿನ ಅಡ್ಡಸೀಳಿಕೆಯೊಂದನ್ನು ಮಾತ್ರ ತೆಗೆದುಕೊಳ್ಳಿ. 6 ಮೀಟರ್ ಅಗಲ, 3 ಮೀಟರ್ ಎತ್ತರವಿದ್ದು 5 ಸೆಂಟಿಮೀಟರ್ ಕೋಶ ಇಟ್ಟರೆ ಆಗುವುದು 120 × 60, ಅಂದರೆ 7,200 ಕೋಶ. ಓಪನ್‌ಫೋಮಿನಲ್ಲಿ ಎರಡು ಆಯಾಮದ ಲೆಕ್ಕವೆಂದರೆ ಮೂರನೆಯ ದಿಕ್ಕಿಗೆ ಒಂದೇ ಕೋಶ ಇಟ್ಟು, ಆ ಎರಡು ಮುಖಗಳಿಗೆ ‘ಎಂಪ್ಟಿ’ ಎಂದು ಬರೆಯುವುದು. ನಿಮ್ಮ ಯಂತ್ರಕ್ಕೆ ಇದು ಲೆಕ್ಕಕ್ಕೇ ಇಲ್ಲ. 12 ಮೀಟರ್ ಉದ್ದದ ಇಡೀ ಗೂಡನ್ನು ಅದೇ ಕೋಶದಲ್ಲಿ ಮಾಡಿದರೆ 17,28,000 ಕೋಶವಾಗುತ್ತದೆ. ಹತ್ತು ಲಕ್ಷ ಕೋಶಕ್ಕೆ ಒಂದರಿಂದ ಎರಡು ಜಿಬಿ ರ‍್ಯಾಮ್ ಎಂಬ ರೂಢಿಯ ಅಂದಾಜಿನಲ್ಲಿ ಅದೂ 8 ಜಿಬಿಯೊಳಗೆ ಹಿಡಿಯುತ್ತದೆ, ಕಾಯುವ ತಾಳ್ಮೆ ಬೇಕು ಅಷ್ಟೆ.

ಮಾದರಿಗಳ ಪೈಕಿ ಶಾಖವರ್ಗಾವಣೆಯ ಫೋಲ್ಡರಿನಲ್ಲಿ ‘ಹಾಟ್‌ರೂಮ್’ ಎಂಬುದಿದೆ. ಕೋಣೆಯ ನೆಲದ ಒಂದು ಭಾಗ ಬಿಸಿ, ಅಲ್ಲಿಂದ ಗಾಳಿ ಮೇಲೇಳುತ್ತದೆ. ನಿಮ್ಮ ಗೂಡು ಅದರ ಸೋದರ. ಬಿಸಿಯಿಂದ ಗಾಳಿಯ ಸಾಂದ್ರತೆ ಬದಲಾಗುವುದನ್ನು ಮೇಲೆತ್ತುವ ಬಲದಲ್ಲಿ ಮಾತ್ರ ಎಣಿಸುವ ಬೌಸಿನೆಸ್ಕ್ ಸಾಲ್ವರ್ ಬಳಸಿದರೆ ಲೆಕ್ಕ ಹಗುರ. ಹೊರಗೆ 32, ಒಳಗೆ 55 ಡಿಗ್ರಿ ಎಂದುಕೊಂಡರೆ ವ್ಯತ್ಯಾಸ 23. ಅದನ್ನು 300 ಕೆಲ್ವಿನ್‌ನಿಂದ ಭಾಗಿಸಿದರೆ 0.08ರ ಸುಮಾರು. 0.1ರ ಒಳಗಿರುವುದರಿಂದ ಆ ಸರಳೀಕರಣ ಸಲ್ಲುತ್ತದೆ. ಫೈಲಿನಲ್ಲಿ ಉಷ್ಣಾಂಶವನ್ನು ಕೆಲ್ವಿನ್‌ನಲ್ಲೇ ಬರೆಯಬೇಕು. ಗುರುತ್ವದ ದಿಕ್ಕನ್ನು ಹೇಳುವ ‘ಜಿ’ ಫೈಲನ್ನು ತೆರೆದು ನೋಡಲು ಮರೆಯಬೇಡಿ. ಮಾದರಿಯಲ್ಲಿ ವೈ ಅಕ್ಷ ಮೇಲ್ಮುಖ, ಫ್ರೀಕ್ಯಾಡ್ ಎಂಬ ಉಚಿತ ವಿನ್ಯಾಸ ಸಾಫ್ಟ್‌ವೇರಿನಲ್ಲಿ ಬಿಡಿಸಿದ ಗೂಡಿಗೆ ಝಡ್ ಅಕ್ಷ ಮೇಲ್ಮುಖ. ಎರಡೂ ಹೊಂದದಿದ್ದರೆ ಬಿಸಿಗಾಳಿ ಗೋಡೆಯ ಕಡೆಗೆ ಏರುತ್ತದೆ. ಫ್ರೀಕ್ಯಾಡ್ ಕೊಡುವ ಎಸ್‌ಟಿಎಲ್ (ಆಕಾರದ ಫೈಲ್) ಮಿಲಿಮೀಟರಿನಲ್ಲಿರುತ್ತದೆ, ಓಪನ್‌ಫೋಮ್ ಅದನ್ನು ಮೀಟರ್ ಎಂದೇ ಓದುತ್ತದೆ, 0.001ರಿಂದ ಗುಣಿಸದಿದ್ದರೆ ನಿಮ್ಮ ಗೂಡು 6 ಕಿಲೋಮೀಟರ್ ಅಗಲವಾಗಿಬಿಡುತ್ತದೆ.

ನಮ್ಮ ಕಡೆಯ ಮಳೆಗಾಲದಲ್ಲಿ ಕರೆಂಟಿನ ಪಾಡು ನಿಮಗೇ ಗೊತ್ತು. ‘ಕಂಟ್ರೋಲ್‌ಡಿಕ್ಟ್’ ಫೈಲಿನಲ್ಲಿ ‘ಸ್ಟಾರ್ಟ್‌ಫ್ರಮ್’ ಎಂಬುದರ ಮುಂದೆ ‘ಲೇಟೆಸ್ಟ್‌ಟೈಮ್’ ಎಂದು ಬರೆದಿಡಿ, ಉಳಿಸುವ ಅಂತರವನ್ನು ಚಿಕ್ಕದಾಗಿಡಿ. ಕರೆಂಟು ಹೋಗಿ ಬಂದ ಮೇಲೆ ಅದೇ ಕಮಾಂಡ್ ಕೊಟ್ಟರೆ ಕೊನೆಗೆ ಉಳಿಸಿದಲ್ಲಿಂದ ಲೆಕ್ಕ ಮುಂದುವರಿಯುತ್ತದೆ. ‘ಪರ್ಜ್‌ರೈಟ್’ಗೆ 3 ಎಂದು ಕೊಟ್ಟರೆ ಕಡೆಯ ಮೂರನ್ನು ಮಾತ್ರ ಇಟ್ಟುಕೊಂಡು ಹಳೆಯವನ್ನು ಅಳಿಸುತ್ತದೆ, ಡಿಸ್ಕ್ ತುಂಬುವುದಿಲ್ಲ. ನಾಲ್ಕು ಕೋರಿಗೆ ಹಂಚಲು ‘ಡೀಕಂಪೋಸ್‌ಪಾರ್’ ಇದೆ, ಆದರೆ 7,200 ಕೋಶಕ್ಕೆ ಅದರ ಅಗತ್ಯವಿಲ್ಲ, ಒಂದೇ ಕೋರ್ ಸಾಕು. ಇಡೀ ಗೂಡಿನ ಲೆಕ್ಕಕ್ಕೆ ಬಂದಾಗ ಹಂಚಿ. ರ‍್ಯಾಮ್ ಒಂದೇ ಪಟ್ಟಿಯಾಗಿದ್ದರೆ ಅದೇ ಬಗೆಯ ಇನ್ನೊಂದನ್ನು ಸೇರಿಸಿ; ಈ ಲೆಕ್ಕಗಳು ಪ್ರೊಸೆಸರಿಗಿಂತ ಹೆಚ್ಚಾಗಿ ರ‍್ಯಾಮಿನ ವೇಗಕ್ಕೆ ಕಾಯುತ್ತವೆ.

ಗೂಡಿನ ಕಂಬ ಗಾಳಿಗೆ ತಡೆಯುತ್ತದೆಯೇ ಎಂಬ ನಿಮ್ಮ ಇನ್ನೊಂದು ಪ್ರಶ್ನೆಗೆ ಓಪನ್‌ಫೋಮ್ ಸರಿಯಾದ ಸಲಕರಣೆ ಅಲ್ಲ. ಅದಕ್ಕೆ ರಚನೆಗಳ ಬಲವನ್ನು ಲೆಕ್ಕ ಹಾಕುವ ಕ್ಯಾಲ್ಕ್ಯುಲಿಕ್ಸ್ ಇದೆ, ಫ್ರೀಕ್ಯಾಡ್‌ನ ಒಳಗಿನಿಂದಲೇ ಬಳಸಬಹುದು.

ಇನ್ನು, ಗೂಡಿನೊಳಗೆ ಬುಡದಲ್ಲಿ, ಅಡಿಕೆಯ ಮಟ್ಟದಲ್ಲಿ, ಮಾಡಿನ ತುದಿಯಲ್ಲಿ ಒಂದೊಂದು ಥರ್ಮಾಮೀಟರ್ ತೂಗುಹಾಕಿ, ಮೋಡವಿಲ್ಲದ ದಿನವೊಂದರಲ್ಲಿ ಗಂಟೆಗೊಮ್ಮೆ ಬರೆದಿಡಿ. ನೇರ ಬಿಸಿಲು ಬೀಳದಂತೆ ಪ್ರತಿಯೊಂದಕ್ಕೂ ಸಣ್ಣ ಮರೆ ಕಟ್ಟಿ, ಇಲ್ಲವಾದರೆ ಅಳೆಯುವುದು ಗಾಳಿಯನ್ನಲ್ಲ, ಬಿಸಿಲನ್ನು. ನಿಮ್ಮ ಲೆಕ್ಕ ಕೊಡುವ ಉಷ್ಣಾಂಶ ಈ ಮೂರು ಕಡೆ ಹೊಂದುವವರೆಗೆ ಕಿಂಡಿಯ ಜಾಗದ ಬಗ್ಗೆ ಮನೆಯವರಿಗೆ ಏನನ್ನೂ ಹೇಳಬೇಡಿ. ಎಲ್ಲಿಯಾದರೂ ನಿಂತರೆ ಯಾವ ಕವಲು, ಯಾವ ಆವೃತ್ತಿ ಎಂದು ಬರೆದು, ಲೆಕ್ಕ ಓಡುವಾಗ ಮೂಡುವ ಸಾಲುಗಳಲ್ಲಿ (ಲಾಗ್) ಎಲ್ಲಕ್ಕಿಂತ ಮೊದಲು ಬಂದ ದೋಷದ ಸಾಲುಗಳನ್ನು ಪಠ್ಯವಾಗಿಯೇ ಅಂಟಿಸಿ ಕೇಳಿ. ಕೊನೆಯ ಸಾಲಿನ ಫೋಟೊದಿಂದ ಕಾರಣ ಗೊತ್ತಾಗುವುದಿಲ್ಲ.