ಐದು ದ್ವೀಪ, ಆರು ರಾತ್ರಿ: ಬೇಡ ಮಾರಾಯರೇ!

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕರ್ಧ ದ್ವೀಪದ್ದೇ. ಮುಂಬಯಿಯಲ್ಲಿ ಮಳೆ ಕಡಿಮೆಯಾಗುವ ಹೊತ್ತಿಗೆ ಎಲ್ಲರಿಗೂ ಒಮ್ಮೆಲೇ ಸಮುದ್ರ ನೆನಪಾಗುತ್ತದೆ. ನಾಲ್ಕು ತಿಂಗಳು ಲೋಕಲ್ ಟ್ರೇನಿನಲ್ಲಿ ನೆಂದದ್ದು ಸಾಲದು ಅಂತ ಕಾಣುತ್ತದೆ. ಫೋರ್ಟಿನ ಒಂದು ಸಣ್ಣ ಟ್ರಾವೆಲ್ ಆಫೀಸಿನಲ್ಲಿ ಇಪ್ಪತ್ತಾರು ವರ್ಷ ಕೂತು ಬೇರೆಯವರಿಗೆ ಟಿಕೆಟ್ ಮಾಡಿಕೊಟ್ಟವಳು ನಾನು. ಆ ಧೈರ್ಯದ ಮೇಲೆ ಉತ್ತರ ಬರೆಯುತ್ತಿದ್ದೇನೆ.

ಪ್ರಶ್ನೆ: ಅಕ್ಕಾ, ನಾನು ಮತ್ತು ನನ್ನ ಹೆಂಡತಿ ಅಕ್ಟೋಬರಿನಲ್ಲಿ ಥಾಯ್ಲೆಂಡಿಗೆ ಹೊರಟಿದ್ದೇವೆ. ಆರು ರಾತ್ರಿ ಇದೆ. ಫುಕೆಟ್, ಫಿ ಫಿ, ಕ್ರಾಬಿ, ಕೋ ಲಾಂಟಾ, ಕೋ ಸಮುಯಿ, ಹೀಗೆ ಐದು ದ್ವೀಪ ನೋಡುವ ಆಸೆ. ಆಗುತ್ತಾ? ಇವಳು ಈರುಳ್ಳಿ, ಬೆಳ್ಳುಳ್ಳಿ ಕೂಡ ತಿನ್ನುವುದಿಲ್ಲ.
(ಹಿಂಜವಡಿ, ಪುಣೆ)

ಉತ್ತರ: ತಮ್ಮಾ, ನಿಮ್ಮ ಪಟ್ಟಿ ಹಿಡಿದು ನಕ್ಷೆ ನೋಡಿದೆ. ಕ್ರಾಬಿ ದ್ವೀಪವೇ ಅಲ್ಲ, ದಡದ ಮೇಲಿನ ಊರು. ಕೋ ಸಮುಯಿ ದ್ವೀಪ ಹೌದು, ಆದರೆ ಅದಿರುವುದು ಆಚೆ ಮಗ್ಗುಲಿನ ಥಾಯ್ಲೆಂಡ್ ಕೊಲ್ಲಿಯಲ್ಲಿ. ಉಳಿದವೆಲ್ಲ ಈಚೆ, ಅಂಡಮಾನ್ ಸಮುದ್ರದಲ್ಲಿ. ಈ ಕಡೆಯಿಂದ ಆ ಕಡೆಗೆ ಹೋಗಲು ದೋಣಿ ಬಿಟ್ಟು ಬಸ್ಸು ಹತ್ತಿ, ನೆಲ ದಾಟಿ, ಮತ್ತೆ ದೋಣಿ ಹತ್ತಬೇಕು. ಇಲ್ಲವೇ ವಿಮಾನಕ್ಕೆ ದುಡ್ಡು ಸುರಿಯಬೇಕು.

ಮಳೆಯ ಲೆಕ್ಕವೂ ಹಾಗೆಯೇ. ಫುಕೆಟ್ ಕಡೆ ಮೇ ತಿಂಗಳಿಂದ ಅಕ್ಟೋಬರ್‌ವರೆಗೆ ಮಳೆಗಾಲ. ಸಮುಯಿ ಕಡೆ ಅಕ್ಟೋಬರಿನಿಂದ ಡಿಸೆಂಬರ್. ನೀವು ಎರಡೂ ಕಡೆ ಮಳೆ ಸಿಗುವ ತಿಂಗಳನ್ನೇ ಹುಡುಕಿ ತೆಗೆದ ಹಾಗಿದೆ! ರಜೆ ಬದಲಾಯಿಸಲು ಆದರೆ ಜನವರಿ, ಫೆಬ್ರವರಿಗೆ ಹೋಗಿ. ಆಗ ಫುಕೆಟ್ ಕಡೆಯ ಸಮುದ್ರ ತಟ್ಟೆಯಲ್ಲಿಟ್ಟ ನೀರಿನ ಹಾಗಿರುತ್ತದೆ.

ಇನ್ನು ಐದರ ಮಾತು. ಹತ್ತು ಹನ್ನೊಂದಕ್ಕೆ ರೂಮು ಬಿಡುತ್ತೀರಿ. ವ್ಯಾನಿನವನು ನಾಲ್ಕು ಹೋಟೆಲು ಸುತ್ತಿ ಜನರನ್ನು ತುಂಬಿಕೊಳ್ಳುತ್ತಾನೆ. ಜೆಟ್ಟಿಯಲ್ಲಿ ಕಾಯುವುದಿದೆ. ಫುಕೆಟಿನಿಂದ ಫಿ ಫಿಗೆ ಹಡಗಿನಲ್ಲಿ ಹೆಚ್ಚುಕಡಿಮೆ ಎರಡು ಗಂಟೆ. ಇಳಿದು ಹೋಟೆಲು ಮುಟ್ಟುವಾಗ ಮೂರು. ಮುಖ ತೊಳೆದು, ಏನೋ ತಿಂದು ಬರುವಷ್ಟರಲ್ಲಿ ಸೂರ್ಯ ಇಳಿದಿರುತ್ತಾನೆ. ಒಂದು ಸಲ ಜಾಗ ಬದಲಿಸಿದರೆ ಅರ್ಧ ದಿನಕ್ಕೂ ಜಾಸ್ತಿ ಹೋಯಿತು ಅಂತಲೇ ಲೆಕ್ಕ ಇಟ್ಟುಕೊಳ್ಳಿ. ಐದು ದ್ವೀಪಕ್ಕಾಗಿ ನಾಲ್ಕು ಸಲ ಬದಲಿಸಿದರೆ ನಿಮಗೆ ಉಳಿಯುವುದು ಜೆಟ್ಟಿಗಳ ಫೋಟೋ. ಆರು ರಾತ್ರಿಗೆ ಎರಡು ಜಾಗ ಸಾಕು: ಮೂರು ರಾತ್ರಿ ಲಾಂಟಾ, ಮೂರು ರಾತ್ರಿ ಕ್ರಾಬಿ. ಫಿ ಫಿಯನ್ನು ಒಂದು ದಿನದಲ್ಲಿ ನೋಡಿ ಬರಬಹುದು. ಅಲ್ಲಿಯ ಮಾಯಾ ಬೇಗೆ ಈಗ ದೋಣಿಯನ್ನು ಬಿಡುವುದಿಲ್ಲ. ಜನ ತುಳಿದು ತುಳಿದು ಹವಳ ಹಾಳಾಯಿತು ಅಂತ 2018ರಲ್ಲಿ ಮುಚ್ಚಿ, 2022ರಲ್ಲಿ ತೆರೆದರು. ಹಿಂದುಗಡೆ ಇಳಿದು ನಡೆದು ಹೋಗಬೇಕು. ಈಜುವ ಹಾಗಿಲ್ಲ.

ದೊಡ್ಡ ಚಕ್ರದ ಪೆಟ್ಟಿಗೆ ಮಾತ್ರ ಒಯ್ಯಬೇಡಿ. ಅಲ್ಲಿಯ ಉದ್ದ ಬಾಲದ ದೋಣಿಗಳು ಎಷ್ಟೋ ಕಡೆ ಮೊಣಕಾಲು ನೀರಿನಲ್ಲೇ ನಿಲ್ಲುತ್ತವೆ. ಪೆಟ್ಟಿಗೆಯನ್ನು ತಲೆ ಮೇಲೆ ಹೊತ್ತು, ಪ್ಯಾಂಟು ಮಡಚಿ, ಹೆಂಡತಿ ಮುಂದೆ ಇಳಿಯುವ ದೃಶ್ಯ ನಿಮಗೇ ಬಿಟ್ಟದ್ದು.

ಊಟಕ್ಕೆ ಒಂದೇ ಒಂದು ಪದ ಕಲಿಯಿರಿ: ‘ಜೇ’. ವೆಜಿಟೇರಿಯನ್ ಅಂದರೆ ಅಲ್ಲಿ ಮಾಂಸ ತೆಗೆದು ಮೀನಿನ ಸಾಸ್ ಹಾಕಿಯೇ ಕೊಡುತ್ತಾರೆ, ಅವರ ಪ್ರಕಾರ ಅದು ಉಪ್ಪಿನ ಹಾಗೆ. ‘ಜೇ’ ಅಂದರೆ ಮೀನು, ಮೊಟ್ಟೆ, ಹಾಲು ಯಾವುದೂ ಇಲ್ಲ. ಮಜಾ ಏನೆಂದರೆ ಈರುಳ್ಳಿ ಬೆಳ್ಳುಳ್ಳಿಯೂ ಇಲ್ಲ! ಉಡುಪಿಯ ಮಠದ ಊಟಕ್ಕೆ ಥಾಯ್ ನೆಂಟರು ಸಿಕ್ಕ ಹಾಗೆ. ಹಳದಿ ಬಾವುಟದ ಮೇಲೆ ಕೆಂಪು ಅಕ್ಷರ ಕಂಡ ಅಂಗಡಿಗೆ ನುಗ್ಗಿ. ರಜೆ ಬದಲಾಗದೆ ಅಕ್ಟೋಬರಿನಲ್ಲೇ ಹೋಗುವುದಾದರೆ ಒಂದು ಲಾಭ ಇದೆ. ಫುಕೆಟಿನ ಒಂಬತ್ತು ದಿನದ ಸಸ್ಯಾಹಾರಿ ಹಬ್ಬ ಸಾಮಾನ್ಯವಾಗಿ ಆಗಲೇ ಬರುತ್ತದೆ, ಬೀದಿ ತುಂಬ ಈ ಬಾವುಟಗಳೇ. ತಾರೀಕು ಚೀನೀ ಚಾಂದ್ರಮಾನ ನೋಡಿ ಬದಲಾಗುತ್ತದೆ, ಒಮ್ಮೆ ನೋಡಿಕೊಳ್ಳಿ.

ಪ್ರಶ್ನೆ: ಡಿಸೆಂಬರಿನಲ್ಲಿ ಅತ್ತೆಯನ್ನು ಕರೆದುಕೊಂಡು ಅಂಡಮಾನಿಗೆ ಹೋಗಬೇಕು ಅಂತಿದ್ದೇವೆ. ಅವರಿಗೆ 68. ಮೊಣಕಾಲು ನೋವಿದೆ, ಘಾಟಿ ಹತ್ತಿದರೂ ವಾಂತಿ. ಏಜೆಂಟರು ಆರು ದಿನದ ಪ್ಲಾನ್ ಕಳಿಸಿದ್ದಾರೆ. ಕೊನೆ ರಾತ್ರಿ ಹ್ಯಾವ್‌ಲಾಕ್‌ನಲ್ಲಿ, ಮರುದಿನ ಬೆಳಿಗ್ಗೆ ಆ ದ್ವೀಪದಿಂದ ಪೋರ್ಟ್ ಬ್ಲೇರಿಗೆ ದೋಣಿ, ಮಧ್ಯಾಹ್ನ ಅಲ್ಲಿಂದ ವಿಮಾನ. ಸರಿ ಇದೆಯೇ?
(ಮುಲುಂಡ್, ಮುಂಬಯಿ)

ಉತ್ತರ: ಇಲ್ಲ ತಾಯಿ, ಸರಿ ಇಲ್ಲ. ಆ ಕೊನೆಯ ಸಾಲನ್ನು ಓದಿ ನನಗೆ ಹೊಟ್ಟೆಯಲ್ಲಿ ಏನೋ ತಿರುಗಿತು.

ನಾವು ಹೋದಾಗ ನಮ್ಮ ಪ್ಲಾನೂ ಇದೇ ಆಗಿತ್ತು. ಮಾಡಿದ್ದು ಬೇರೆ ಯಾರೋ ಅಲ್ಲ, ನಾನೇ. ಇಪ್ಪತ್ತಾರು ವರ್ಷ ಇದೇ ಕೆಲಸ ಮಾಡಿದವಳಿಗೆ ಬುದ್ಧಿ ಎಲ್ಲಿಗೆ ಹೋಗಿತ್ತೋ. ಬೆಳಿಗ್ಗೆ ಆರೂವರೆಗೆ ಹ್ಯಾವ್‌ಲಾಕ್ ಜೆಟ್ಟಿಗೆ ಬಂದರೆ ಗೇಟು ಅರ್ಧ ಹಾಕಿದೆ. ಕರಿ ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ದೋಣಿಗಳ ಹೆಸರು, ಮುಂದೆ ಹೊರಡುವ ಹೊತ್ತು. ಒಬ್ಬ ಹುಡುಗ ಬಂದ. ಒಂದೊಂದು ಹೊತ್ತನ್ನೂ ಅಂಗೈಯಿಂದ ಒರೆಸಿದ. ಏನೂ ಬರೆಯಲಿಲ್ಲ, ಸುಮ್ನೆ ಒರೆಸಿ ಕೈಯನ್ನು ಚಡ್ಡಿಗೆ ತಿಕ್ಕಿಕೊಂಡು ಹೋದ. ರಾತ್ರಿಯಿಂದ ಗಾಳಿ ಎದ್ದಿತ್ತು, ಬಂದರಿನವರು ದೋಣಿ ಬಿಡಬೇಡಿ ಅಂದಿದ್ದರು. ನಮ್ಮವರು ಪ್ಲಾಸ್ಟಿಕ್ ಕುರ್ಚಿ ಹುಡುಕಿ ಕೂತರು. ನಾನು ಡಬ್ಬಿ ತೆಗೆದು ಅವಲಕ್ಕಿ ಹಂಚಿದೆ, ಪಕ್ಕದ ಬಂಗಾಳಿ ಕುಟುಂಬಕ್ಕೂ ಕೊಟ್ಟೆ. ಹನ್ನೆರಡೂವರೆಗೆ ನಮ್ಮ ವಿಮಾನ ನಾವಿಲ್ಲದೆ ಹೋಯಿತು. ದೋಣಿ ಬಿಟ್ಟಿದ್ದು ಮರುದಿನ ಮಧ್ಯಾಹ್ನ. ದೋಣಿಯ ದುಡ್ಡು ವಾಪಸ್ ಬಂತು. ವಿಮಾನದ್ದು? ಬರಲೇ ಇಲ್ಲ. ಹೊಸ ಟಿಕೆಟ್ಟಿಗೆ ಕೊಟ್ಟ ದುಡ್ಡನ್ನು ನಮ್ಮವರು ಇವತ್ತಿಗೂ ತರಕಾರಿ ಚೌಕಾಸಿ ಮಾಡುವಾಗ ನೆನಪಿಸುತ್ತಾರೆ.

ಹಾಗಾಗಿ ಏಜೆಂಟರಿಗೆ ಫೋನ್ ಮಾಡಿ, ಪ್ಲಾನ್ ತಿರುಗಿಸಲು ಹೇಳಿ. ಮೊದಲು ದೂರದ ದ್ವೀಪ, ಕೊನೆಯ ಒಂದು ಪೂರ್ತಿ ಹಗಲು, ಒಂದು ರಾತ್ರಿ ಪೋರ್ಟ್ ಬ್ಲೇರ್‌ನಲ್ಲಿ. ಟಿಕೆಟ್ಟಿನ ಮೇಲೆ ಹೆಸರು ನೋಡಿ ಗಾಬರಿ ಬೇಡ. 2024ರ ಸೆಪ್ಟೆಂಬರಿನಿಂದ ಅದು ಶ್ರೀ ವಿಜಯ ಪುರಂ. 2018ರಲ್ಲೇ ಹ್ಯಾವ್‌ಲಾಕ್ ಸ್ವರಾಜ್ ದ್ವೀಪವಾಯಿತು, ನೀಲ್ ಶಹೀದ್ ದ್ವೀಪವಾಯಿತು. ಜನರ ಬಾಯಲ್ಲಿ ಮಾತ್ರ ಹಳೆಯದೇ ಓಡಾಡುತ್ತದೆ. ಮುಂಬಯಿಯ ದೊಡ್ಡ ಸ್ಟೇಶನ್ನಿಗೆ ಛತ್ರಪತಿ ಶಿವಾಜಿಯ ಹೆಸರಿಟ್ಟ ಮೇಲೂ ನಾವು ವಿಟಿ ಅನ್ನುವುದನ್ನು ಬಿಟ್ಟಿದ್ದೇವಾ?

ಆ ಕೊನೆಯ ದಿನ ದಂಡ ಆಗುವುದಿಲ್ಲ. ಸೆಲ್ಯುಲರ್ ಜೈಲು ನೋಡಲು ನಿಧಾನವಾಗಿ ಅರ್ಧ ದಿನ ಬೇಕು. 1906ರಲ್ಲಿ ಮುಗಿದ ಕಟ್ಟಡ, ಏಳು ಸಾಲುಗಳಲ್ಲಿ ಈಗ ಮೂರು ಉಳಿದಿವೆ. ಅತ್ತೆಯನ್ನು ಮೇಲಿನ ಮಹಡಿಗೆ ಹತ್ತಿಸಬೇಡಿ, ಕೆಳಗಿನ ಸಾಲಿನ ಒಂದು ಕೋಣೆಯೊಳಗೆ ನಿಂತರೂ ಸಾಕು, ಎದೆ ಭಾರವಾಗುತ್ತದೆ. ಎದುರಿಗೇ ಕಾಣುವ ರಾಸ್ ದ್ವೀಪಕ್ಕೆ ದೋಣಿ ಪ್ರಯಾಣ ಚಿಕ್ಕದು. ಅಲ್ಲಿ ಬ್ಯಾಟರಿ ಗಾಡಿಯೂ ಇದೆ, ಮೊಣಕಾಲಿಗೆ ಪುಣ್ಯ.

ಇನ್ನೊಂದು ವಿಷಯ ಏಜೆಂಟರು ಹೇಳಿರುವುದಿಲ್ಲ. ಡಿಸೆಂಬರಿನಲ್ಲಿ ಅಲ್ಲಿ ಸಂಜೆ ಐದಕ್ಕೆಲ್ಲ ಸೂರ್ಯ ಮುಳುಗುತ್ತಾನೆ. ಗಡಿಯಾರ ನಮ್ಮದೇ, ಜಾಗ ಮುಂಬಯಿಯಿಂದ 20 ಡಿಗ್ರಿ ಪೂರ್ವಕ್ಕೆ. ಊಟ ಮಾಡಿ, ಸ್ವಲ್ಪ ಮಲಗಿ, ನಾಲ್ಕೂವರೆಗೆ ಚಹಾ ಕುಡಿದು ಹ್ಯಾವ್‌ಲಾಕಿನ ರಾಧಾನಗರ ಬೀಚಿಗೆ ಹೊರಟರೆ ಕತ್ತಲೆ ನೋಡಿಕೊಂಡು ಬರುತ್ತೀರಿ. ಮೂರಕ್ಕೆ ಅಲ್ಲಿರಿ. ನೀಲ್‌ನಲ್ಲಿ ಕಲ್ಲಿನ ಸಹಜ ಸೇತುವೆ ಇದೆ, ಇಳಿತದ ಹೊತ್ತಿನಲ್ಲಿ ಜಾರುವ ಬಂಡೆ ಮೇಲೆ ನಡೆಯಬೇಕು. ನೀವು ಹೋಗಿ ಬನ್ನಿ. ಅತ್ತೆಗೆ ದಡದಲ್ಲಿ ಎಳನೀರು ಕೊಡಿಸಿ ಕೂರಿಸಿ.

ವಾಂತಿಗೆ: ಮಾತ್ರೆಯನ್ನು ಅವರ ಡಾಕ್ಟರನ್ನೇ ಕೇಳಿ, ಬಿಪಿ, ಸಕ್ಕರೆ ಮಾತ್ರೆ ಇದ್ದರೆ ಅದನ್ನೂ ಹೇಳಿ. ದೋಣಿ ಹೊರಡುವ ಮೊದಲೇ ನುಂಗಬೇಕು. ವಾಂತಿ ಶುರುವಾದ ಮೇಲೆ ನುಂಗಿದ್ದು ಅದರ ಜೊತೆಗೇ ಹೊರಗೆ ಬರುತ್ತದೆ. ಮುಂದಿನ ಸೀಟು ಬೇಡ, ದೋಣಿ ಅಲ್ಲೇ ಜಾಸ್ತಿ ಎಗರುವುದು. ನಡುಭಾಗದಲ್ಲಿ, ಕೆಳಗಿನ ಅಂತಸ್ತಿನಲ್ಲಿ ಕೇಳಿ ಹಾಕಿಸಿಕೊಳ್ಳಿ. ಮೊಬೈಲು ನೋಡುವುದು ಬೇಡ, ದೂರದ ಕಡಲಂಚು ನೋಡಲಿ. ಖಾಸಗಿ ದೋಣಿ ಬೇಗ ಹೋಗುತ್ತದೆ, ಆದರೆ ಕಿಟಕಿ ಮುಚ್ಚಿದ ಏಸಿ. ಪಕ್ಕದವರು ವಾಂತಿ ಮಾಡಿದರೆ ನಿಮ್ಮ ಸರದಿಯೂ ಬಂತು ಅಂತಲೇ. ಸರಕಾರಿ ಹಡಗು ನಿಧಾನ, ಆದರೆ ಡೆಕ್ಕಿನ ಮೇಲೆ ಗಾಳಿಗೆ ನಿಲ್ಲಬಹುದು. ಒಣಶುಂಠಿ ಬಾಯಲ್ಲಿ ಇಟ್ಟುಕೊಳ್ಳಲಿ. ನನ್ನ ಅಮ್ಮ ನಿಂಬೆಹಣ್ಣು ಮೂಸುತ್ತಿದ್ದರು, ಅದಕ್ಕೆ ಆಧಾರ ಕೇಳಬೇಡಿ.

ಪ್ರಶ್ನೆ: ಲಕ್ಷದ್ವೀಪ ನಮ್ಮ ಗೋವಾಕ್ಕೆ ಹತ್ತಿರ ಅಲ್ವಾ? ಬೈಕ್ ಟ್ರಿಪ್ಪಿನ ಹಾಗೆ ನಾಲ್ಕು ಜನ ಹುಡುಗರು ಹೊರಟು ದ್ವೀಪ ದ್ವೀಪ ಸುತ್ತಬಹುದೇ?
(ಮಡಗಾಂವ್, ಗೋವಾ)

ಉತ್ತರ: ಹಾಗೆಲ್ಲ ಹೊರಡುವ ಹಾಗಿಲ್ಲಪ್ಪಾ. ಲಕ್ಷದ್ವೀಪಕ್ಕೆ ನಮ್ಮ ದೇಶದವರಿಗೂ ಅನುಮತಿ ಪತ್ರ ಬೇಕು. 36 ದ್ವೀಪಗಳಲ್ಲಿ ಜನ ಇರುವುದು ಹತ್ತರಲ್ಲಿ, ಒಟ್ಟು ನೆಲ 32 ಚದರ ಕಿಲೋಮೀಟರು. ಅಷ್ಟು ಪುಟ್ಟ ಜಾಗದಲ್ಲಿ ಕುಡಿಯುವ ನೀರೂ ಎಣಿಸಿ ಬಳಸುವಂಥದ್ದು. ಇನ್ನು ಮದ್ಯ. ಗೋವಾದವರಿಗೆ ಇದನ್ನು ಮೊದಲೇ ಹೇಳಿಬಿಡುತ್ತೇನೆ: ಬಂಗಾರಂ ದ್ವೀಪದಂಥ ಪ್ರವಾಸಿ ಜಾಗ ಬಿಟ್ಟರೆ ಸಿಗುವುದಿಲ್ಲ.

ನಿಜವಾಗಿ ದ್ವೀಪ ಸುತ್ತಬೇಕಾದರೆ ಕೊಚ್ಚಿಯಿಂದ ಹಡಗು ಒಳ್ಳೆಯದು. ಮಡಗಾಂವ್‌ನಲ್ಲಿ ರೈಲು ಹತ್ತಿದರೆ ಎರ್ನಾಕುಲಂ. ಸರಕಾರಿ ಪ್ರವಾಸೋದ್ಯಮದವರ ‘ಸಮುದ್ರಂ’ ಪ್ಯಾಕೇಜ್‌ನಲ್ಲಿ ರಾತ್ರಿ ಹಡಗಿನಲ್ಲೇ ಮಲಗುವುದು, ಹಗಲು ಕವರತ್ತಿ, ಕಲ್ಪೇನಿ, ಮಿನಿಕಾಯ್‌ನಲ್ಲಿ ಇಳಿಯುವುದು. ನೀವು ಹೋಗುವ ತಿಂಗಳು ಹಡಗು ಇದೆಯಾ ಅಂತ ಮೊದಲು ಕೇಳಿ. ಪೆಟ್ಟಿಗೆ ಕಟ್ಟಿ ಬಿಚ್ಚುವ ತಾಪತ್ರಯ ಇಲ್ಲ. ಆದರೆ ಹಡಗು ದಡಕ್ಕೆ ಬರುವುದಿಲ್ಲ, ಹವಳದ ದಿಬ್ಬ ಅಡ್ಡ ಇರುತ್ತದೆ. ನಡು ಸಮುದ್ರದಲ್ಲಿ ಸಣ್ಣ ದೋಣಿಗೆ ಇಳಿಯಬೇಕು. ಮೇಲೆ ಬಂದ ಅಲೆಯ ಜೊತೆ ಕಾಲಿಡಬೇಕು, ಕೆಳಗಿಳಿಯುವಾಗ ಅಲ್ಲ. ಮಿನಿಕಾಯ್‌ನಲ್ಲಿ 1885ರ ದೀಪಸ್ತಂಭ ಇದೆ. ಅಲ್ಲಿಯವರ ಮಾತು ಮಲಯಾಳಂ ಅಲ್ಲ, ಮಾಲ್ದೀವ್ಸಿನ ಭಾಷೆಗೆ ಸೇರಿದ ಮಹಲ್.

ನಮಗೊಂದು ಹಳೆಯ ಸಂಬಂಧವೂ ಇದೆ. ಅಮಿನಿ, ಕಡಮತ್, ಕಿಲ್ತಾನ್, ಚೆಟ್ಲಾತ್ ಇವೆಲ್ಲ 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದವು! ಅಲ್ಲಿಯ ಕೊಬ್ಬರಿ, ತೆಂಗಿನ ನಾರು ಮಂಗಳೂರು ಬಂದರಕ್ಕೆ ಬರುತ್ತಿತ್ತು, ಇಲ್ಲಿಂದ ಅಕ್ಕಿ ಹೋಗುತ್ತಿತ್ತು. ಹಳೆ ಬಂದರದಿಂದ ಇಂದಿಗೂ ಆ ಕಡೆಗೆ ಸರಕು ಹೋಗುತ್ತದೆ.

ಪ್ರಶ್ನೆ: ನಾನು ಏಳನೇ ಕ್ಲಾಸು. ಅಂಡಮಾನಿಂದ ಬರುವಾಗ ಹವಳ, ಚಿಪ್ಪು ತರಬಹುದಾ?
(ಡೊಂಬಿವಿಲಿ)

ಉತ್ತರ: ಬೇಡ ಪುಟ್ಟಿ. ದಡದಲ್ಲಿ ಬಿದ್ದ ಸತ್ತ ಹವಳವೂ ಬೇಡ. 1972ರ ವನ್ಯಜೀವಿ ಕಾಯ್ದೆಯಲ್ಲಿ ಹವಳಕ್ಕೆ ಹುಲಿಯಷ್ಟೇ ರಕ್ಷಣೆ ಇದೆ, ವಿಮಾನ ನಿಲ್ದಾಣದಲ್ಲಿ ಚೀಲ ನೋಡುತ್ತಾರೆ. ಖಾಲಿ ಚಿಪ್ಪು ಎತ್ತಿ ಕಿವಿಗಿಟ್ಟುಕೋ, ಆಮೇಲೆ ಅಲ್ಲೇ ಇಡು. ಸನ್ಯಾಸಿ ಏಡಿ ಅಂತ ಒಂದಿದೆ, ಅದಕ್ಕೆ ಸ್ವಂತ ಚಿಪ್ಪು ಇಲ್ಲ. ದೊಡ್ಡದಾದ ಹಾಗೆ ಖಾಲಿ ಚಿಪ್ಪು ಹುಡುಕಿ ಮನೆ ಬದಲಾಯಿಸುತ್ತದೆ. ಬಾಡಿಗೆ ಮನೆ ಸಿಗುವುದು ಎಷ್ಟು ಕಷ್ಟ ಅಂತ ಡೊಂಬಿವಿಲಿಯ ನಿನ್ನ ಅಪ್ಪನನ್ನು ಕೇಳು.

ಪ್ರಶ್ನೆ: ವಿಮಾನಕ್ಕೆ ದುಡ್ಡಿಲ್ಲ, ರಜೆಯೂ ಒಂದೇ ದಿನ. ನಮ್ಮಂಥವರಿಗೆ ಯಾವ ದ್ವೀಪ?
(ಮಾಟುಂಗಾ, ಮುಂಬಯಿ)

ಉತ್ತರ: ನೀವು ಇರುವುದೇ ದ್ವೀಪದಲ್ಲಿ! ಏಳು ದ್ವೀಪ ಸೇರಿಸಿ ಮಾಡಿದ ಊರಿದು: ಕೊಲಾಬಾ, ಪುಟ್ಟ ಕೊಲಾಬಾ, ಬಾಂಬೆ, ಮಝಗಾಂವ್, ಪರೇಲ್, ವರ್ಲಿ, ಮಾಹಿಮ್. ಆದರೂ ನೀರು ದಾಟಿದ ಹಾಗೆ ಆಗಬೇಕೆಂದರೆ ಗೇಟ್‌ವೇಯಿಂದ ಘಾರಾಪುರಿಗೆ, ಅಂದರೆ ಎಲಿಫೆಂಟಾ ಗುಹೆಗಳ ದ್ವೀಪಕ್ಕೆ, ಲಾಂಚು ಹತ್ತಿ. ಸುಮಾರು ಒಂದು ಗಂಟೆ. ಸೋಮವಾರ ಗುಹೆ ಮುಚ್ಚಿರುತ್ತದೆ, ಮಳೆಗಾಲದಲ್ಲಿ ಲಾಂಚಿನ ಭರವಸೆ ಇಲ್ಲ. ಬೆಳಗಿನ ಮೊದಲ ಲಾಂಚಿನಲ್ಲೇ ಹೋಗಿ, ಮೂರು ಮುಖದ ಸದಾಶಿವನ ಮುಂದೆ ಗದ್ದಲ ಇರುವುದಿಲ್ಲ. ಮೆಟ್ಟಿಲು ನೂರಕ್ಕೂ ಜಾಸ್ತಿ. ಕೋತಿಗಳಿವೆ, ತಿಂಡಿ ಚೀಲದ ಒಳಗಿರಲಿ. ಎಲಿಫೆಂಟಾ ಅಂತ ಹೆಸರು ಬರಲು ಕಾರಣವಾದ ಕಲ್ಲಾನೆ ಮಾತ್ರ ಅಲ್ಲಿಲ್ಲ. ಅದು ಬೈಕುಲಾದ ರಾಣಿಬಾಗ್‌ನ ಮ್ಯೂಸಿಯಂ ಪಕ್ಕ ನಿಂತಿದೆ. ಅದಕ್ಕೆ ದೋಣಿ ಬೇಡ, ಮಾಟುಂಗಾದಿಂದ ಲೋಕಲ್ ಸಾಕು.