ಪ್ರೈವೇಟ್ ಯೂನಿವರ್ಸಿಟಿ ಅಂತ ಅಪ್ಪ ಹಿಂಜರಿದರೆ: ಬೆಟಗೇರಿಯ ತಂಗಿಗೆ ಪಿಟ್ಸ್‌ಬರ್ಗ್‌ನಿಂದ ಉತ್ತರ

ತಂಗಿ, ನಿನ್ನ ಪ್ರಶ್ನೆ ಓದಿದೆ. ಹುಬ್ಬಳ್ಳಿಯ ಬಿವಿಬಿ ಎಂಜಿನಿಯರಿಂಗ್ ಕಾಲೇಜಿನಲ್ಲಿ ಬಿ.ಇ. ಮುಗಿಸಿದ್ದೀಯ. ಅಮೆರಿಕದ ಪಿಟ್ಸ್‌ಬರ್ಗ್‌ನಲ್ಲಿರುವ ಕಾರ್ನೆಗಿ ಮೆಲನ್ ಯೂನಿವರ್ಸಿಟಿಯಲ್ಲಿ ಮಾಸ್ಟರ್ಸ್ ಸೀಟು ಸಿಕ್ಕಿದೆ. ಅದು ಪ್ರೈವೇಟ್ ಅಂತ ಗೊತ್ತಾದ ಮೇಲೆ ಅಪ್ಪ ಹಿಂಜರಿಯುತ್ತಿದ್ದಾರೆ. "ಡೊನೇಶನ್ ಕಾಲೇಜಿಗೆ ಸಾಲ ಮಾಡಿ ಅಷ್ಟು ದೂರ ಯಾಕೆ ಹೋಗಬೇಕು" ಅಂತಾರೆ. ನಿಮ್ಮದು ನೇಕಾರಿಕೆಯ ಮನೆ. ಇಲ್ಲಿಯ ಜೀವನ ಹೇಗಿರುತ್ತೆ, ಬರಬಹುದಾ ಅಂತ ಕೇಳಿದ್ದೀಯ. ನಾನು ಧಾರವಾಡದವನು, ಈಗ ಇದೇ ಊರಿನಲ್ಲಿ ನೆಲೆಸಿದ್ದೇನೆ. ಗೊತ್ತಿರುವಷ್ಟು ಹೇಳುತ್ತೇನೆ.

ಅಪ್ಪನ ಅನುಮಾನಕ್ಕೆ ಕಾರಣ ಇದೆ. ನಮ್ಮ ಕಡೆ ಪ್ರೈವೇಟ್ ಅಂದ ಕೂಡಲೇ ಮ್ಯಾನೇಜ್‌ಮೆಂಟ್ ಸೀಟು ನೆನಪಾಗುತ್ತೆ. ಆದರೆ ನೀನು ಓದಿದ ಕಾಲೇಜು ಕೂಡ ಸರ್ಕಾರದ್ದಲ್ಲ, ಅಲ್ವಾ? 1916ರಲ್ಲಿ ಬೆಳಗಾವಿಯಲ್ಲಿ ಏಳು ಜನ ಮೇಷ್ಟ್ರುಗಳು ಸೇರಿ ಕೆಎಲ್‌ಇ ಸಂಸ್ಥೆ ಕಟ್ಟಿದರು. 1947ರಲ್ಲಿ ಅದೇ ಸಂಸ್ಥೆ ಹುಬ್ಬಳ್ಳಿಯಲ್ಲಿ ಎಂಜಿನಿಯರಿಂಗ್ ಕಾಲೇಜು ತೆರೆಯಿತು. ಭೂಮರಡ್ಡಿಯವರ ಹೆಸರು ಇಟ್ಟಿತು. ಈಗ ಅದು ಯೂನಿವರ್ಸಿಟಿಯಾಗಿ ಬೆಳೆದಿದೆ. ದುಡ್ಡು ಯಾರದ್ದು ಅಂತ ಕೇಳಿದರೆ ಸಾಲದು, ಅದು ಯಾತಕ್ಕೆ ಖರ್ಚಾಯಿತು ಅಂತ ನೋಡಬೇಕು.

ಕಾರ್ನೆಗಿ ಮೆಲನ್ ಕಥೆ ಅಪ್ಪನಿಗೆ ಬೇಗ ಅರ್ಥವಾಗುತ್ತೆ. ಅದಕ್ಕೆ ದುಡ್ಡು ಕೊಟ್ಟ ಆಂಡ್ರೂ ಕಾರ್ನೆಗಿ ನೇಕಾರನ ಮಗ. ಸ್ಕಾಟ್ಲೆಂಡಿನ ಡನ್‌ಫರ್ಮ್‌ಲಿನ್ ಊರಿನಲ್ಲಿ ಅವರ ತಂದೆಯದು ಕೈಮಗ್ಗ. ಉಗಿಯಿಂದ ನಡೆಯುವ ಮಗ್ಗಗಳು ಬಂದವು, ಕೈಮಗ್ಗಕ್ಕೆ ಕೆಲಸ ಇಲ್ಲವಾಯಿತು. ತಾಯಿ ಮಾರ್ಗರೆಟ್ ಬೂಟು ಹೊಲಿದು ಮನೆ ನಡೆಸಿದರು. 1848ರಲ್ಲಿ ಸಾಲ ಮಾಡಿ ಇಡೀ ಮನೆಯವರು ಹಡಗು ಹತ್ತಿ ಇಲ್ಲಿಗೆ ಬಂದರು. ಹುಡುಗ ಹತ್ತಿ ಗಿರಣಿಯಲ್ಲಿ ಬಾಬಿನ್ ಬದಲಿಸುವ ಕೆಲಸ ಹಿಡಿದ. ವಾರಕ್ಕೆ 1 ಡಾಲರ್ 20 ಸೆಂಟ್ ಪಗಾರ. ಮುಂದೆ ಉಕ್ಕಿನಲ್ಲಿ ಅಪಾರ ಗಳಿಸಿದರು. ಆ ಗಳಿಕೆಯ ಹಿಂದೆ ನೋವೂ ಇದೆ. 1892ರಲ್ಲಿ ಅವರ ಹೋಮ್‌ಸ್ಟೆಡ್ ಕಾರ್ಖಾನೆಯಲ್ಲಿ ಮುಷ್ಕರವಾಗಿ, ಗುಂಡೇಟಿಗೆ ಕೆಲಸಗಾರರು ಸತ್ತರು. ಅಪ್ಪನಿಗೆ ಅದನ್ನೂ ಹೇಳು, ಬಿಡಬೇಡ.

1900ರಲ್ಲಿ ಪಿಟ್ಸ್‌ಬರ್ಗ್‌ನಲ್ಲಿ ಕಸುಬು ಕಲಿಸುವ ಶಾಲೆ ಕಟ್ಟಲು ಕಾರ್ನೆಗಿ 10 ಲಕ್ಷ ಡಾಲರ್ ಕೊಡಲು ಮುಂದೆ ಬಂದರು. ಜಾಗ ಊರಿನವರು ಕೊಡಬೇಕು, ಶಾಲೆ ದುಡಿಯುವವರ ಮಕ್ಕಳಿಗೆ ಇರಬೇಕು ಅಂದರು. 1905ರಲ್ಲಿ ಪಾಠ ಶುರುವಾಯಿತು. ಆಗ ಡಿಗ್ರಿಯೇ ಇರಲಿಲ್ಲ. ನಮ್ಮ ಐಟಿಐ, ಡಿಪ್ಲೊಮಾ ಇದ್ದ ಹಾಗೆ ಎರಡು ಮೂರು ವರ್ಷ ಕಲಿತು ಸರ್ಟಿಫಿಕೇಟ್ ತೆಗೆದುಕೊಳ್ಳುವುದು. ಹೆಣ್ಣುಮಕ್ಕಳಿಗೆ ಬೇರೆ ಶಾಲೆ, ಅದಕ್ಕೆ ಕಾರ್ನೆಗಿಯವರ ತಾಯಿಯ ಹೆಸರು. 1912ರಲ್ಲಿ ಡಿಗ್ರಿ ಕೊಡುವ ಸಂಸ್ಥೆಯಾಯಿತು. 1967ರಲ್ಲಿ ಮೆಲನ್ ಮನೆತನದವರು ಕಟ್ಟಿದ್ದ ಸಂಶೋಧನಾ ಸಂಸ್ಥೆ ಇದರ ಜೊತೆ ಸೇರಿ ಈಗಿನ ಹೆಸರು ಬಂತು.

ನಿನಗೆ ಮುಖ್ಯವಾದ ಬದಲಾವಣೆ ಅದಕ್ಕೂ ಮೊದಲೇ ಶುರುವಾಗಿತ್ತು. 1956ರಲ್ಲಿ ಬಿಸಿನೆಸ್ ಸ್ಕೂಲಿನ ನೆಲಮಾಳಿಗೆಗೆ ಐಬಿಎಂ 650 ಅನ್ನೋ ಕಂಪ್ಯೂಟರ್ ಬಂತು. ಅದೇ ಸ್ಕೂಲಿನ ಹರ್ಬರ್ಟ್ ಸೈಮನ್ ಆಗಷ್ಟೇ ಅಲೆನ್ ನ್ಯೂವೆಲ್, ಕ್ಲಿಫ್ ಶಾ ಜೊತೆ ಸೇರಿ ತರ್ಕದ ಪ್ರಮೇಯ ಸಾಧಿಸುವ ಪ್ರೋಗ್ರಾಮ್ ಮಾಡಿದ್ದರು. ಇವತ್ತು ಎಲ್ಲರ ಬಾಯಲ್ಲಿರುವ ಎಐನ ಮೊದಲ ಹೆಜ್ಜೆಗಳಲ್ಲಿ ಅದೂ ಒಂದು. ಕಂಪ್ಯೂಟರ್ ಸೈನ್ಸ್ ವಿಭಾಗ ಹುಟ್ಟಿದ್ದು 1965ರಲ್ಲಿ. ಸೈಮನ್‌ಗೆ 1978ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು. 1979ರಲ್ಲಿ ರೊಬೊಟಿಕ್ಸ್ ಇನ್‌ಸ್ಟಿಟ್ಯೂಟ್ ಶುರುವಾದಾಗ ಅದರ ಮೊದಲ ನಿರ್ದೇಶಕರು ರಾಜ್ ರೆಡ್ಡಿ, ಆಂಧ್ರದ ಕಾಟೂರು ಹಳ್ಳಿಯವರು. ಅವರಿಗೆ 1994ರಲ್ಲಿ ಕಂಪ್ಯೂಟರ್ ಕ್ಷೇತ್ರದ ದೊಡ್ಡ ಗೌರವವಾದ ಟ್ಯೂರಿಂಗ್ ಪ್ರಶಸ್ತಿ ಬಂತು.

ರೊಬೊಟಿಕ್ಸ್ ಇನ್‌ಸ್ಟಿಟ್ಯೂಟ್ ಶುರುವಾದ ಆಸುಪಾಸಿನ ವರ್ಷಗಳಲ್ಲಿ ಪಿಟ್ಸ್‌ಬರ್ಗ್‌ನ ಉಕ್ಕಿನ ಕಾರ್ಖಾನೆಗಳು ಒಂದೊಂದೇ ಮುಚ್ಚುತ್ತಿದ್ದವು. ಬಂದ ಮೇಲೆ ಒಂದು ದಿನ ಈ ಊರಿನ ಹೇಜಲ್‌ವುಡ್ ಬಡಾವಣೆಗೆ ಹೋಗು. ಮನಾಂಗಹೀಲಾ ನದಿ ಪಕ್ಕದಲ್ಲಿ ಮಿಲ್ 19 ಅಂತ ಹಳೆಯ ಉಕ್ಕಿನ ಕಾರ್ಖಾನೆ ಇದೆ, ಸುಮಾರು ಕಾಲು ಮೈಲಿ ಉದ್ದ. ಗೋಡೆ, ತಗಡು ಎಲ್ಲ ಕಿತ್ತು ಬರೀ ಉಕ್ಕಿನ ಕಂಬ, ತೊಲೆ ಉಳಿಸಿದ್ದಾರೆ. ಮೇಲೆ ಸಾಲಾಗಿ ಸೋಲಾರ್ ಹಲಗೆಗಳು. ಆ ಕಂಬಗಳ ಒಳಗೇ ಹೊಸ ಗಾಜಿನ ಕಟ್ಟಡ ಕಟ್ಟಿ, ಕಾರ್ನೆಗಿ ಮೆಲನ್‌ನವರು ರೊಬೊಟ್ ಪ್ರಯೋಗ ಮಾಡುತ್ತಾರೆ. ನಾನು ಊರಿಂದ ಬಂದವರನ್ನೆಲ್ಲ ಮೊದಲು ಅಲ್ಲಿಗೇ ಕರೆದುಕೊಂಡು ಹೋಗುತ್ತೇನೆ.

ಇನ್ನು ದುಡ್ಡಿನ ಮಾತು. ಇದನ್ನು ಸರಿಯಾಗಿ ತಿಳಿದುಕೋ. ಇಲ್ಲಿಯ ಪ್ರೊಫೆಸರ್‌ಗಳು ಅಮೆರಿಕ ಸರ್ಕಾರದಿಂದ, ಕಂಪನಿಗಳಿಂದ ಸಂಶೋಧನೆಗೆ ದುಡ್ಡು ತರುತ್ತಾರೆ. ಪಿಎಚ್‌ಡಿ ಮಾಡುವವರ ಫೀ, ತಿಂಗಳ ಖರ್ಚು ಹೆಚ್ಚಾಗಿ ಅದರಲ್ಲೇ ನಡೆಯುತ್ತೆ. ಮಾಸ್ಟರ್ಸ್‌ನವರ ಕಥೆ ಬೇರೆ. ಬಹುತೇಕ ಎಲ್ಲರೂ ಕೈಯಿಂದ ಕಟ್ಟಬೇಕು, ಫೀ ಜಾಸ್ತಿ. ಡೊನೇಶನ್ ಅಂತ ಯಾರೂ ಕೇಳುವುದಿಲ್ಲ, ಆದರೆ ಸಾಲ ಸಾಲವೇ. ಕ್ಯಾಂಪಸ್‌ನಲ್ಲಿ ಕೆಲಸ ಮಾಡಬಹುದು, ಕ್ಲಾಸು ನಡೆಯುವಾಗ ವಾರಕ್ಕೆ 20 ಗಂಟೆ ಮಿತಿ. ಅದರಲ್ಲಿ ಊಟದ ಖರ್ಚು ಹೊರಡಬಹುದು, ಫೀ ಹೊರಡುವುದಿಲ್ಲ. ಓದು ಮುಗಿದ ಮೇಲೆ ಕೆಲಸ ಸಿಕ್ಕೇ ಸಿಗುತ್ತೆ ಅನ್ನೋ ಲೆಕ್ಕದ ಮೇಲೆ ಬೆಟಗೇರಿಯ ಮನೆ ಅಡ ಇಟ್ಟು ಬರಬೇಡ. ಇದನ್ನು ಅಣ್ಣನಾಗಿ ಹೇಳುತ್ತಿದ್ದೇನೆ. ನಿನಗೆ ಸಂಶೋಧನೆ ನಿಜಕ್ಕೂ ಇಷ್ಟ ಇದ್ದರೆ ಪಿಎಚ್‌ಡಿಗೂ ಅರ್ಜಿ ಹಾಕಿ ನೋಡು. ಇನ್ನೊಂದು ವರ್ಷ ಹೋದರೂ ಪರವಾಗಿಲ್ಲ.

ದಿನದ ಜೀವನದ ಬಗ್ಗೆ ಜಾಸ್ತಿ ಹೆದರಬೇಡ. ಕಾಲೇಜಿನ ಐಡಿ ಕಾರ್ಡ್ ತೋರಿಸಿದರೆ ಸಿಟಿ ಬಸ್ಸಿನಲ್ಲಿ ಟಿಕೆಟ್ ಬೇಕಿಲ್ಲ. ಜೋಳದ ಹಿಟ್ಟು ಸಿಗುತ್ತೆ. ಶೇಂಗಾ ಹಿಂಡಿ, ಅಗಸಿ ಹಿಂಡಿ ಮಾತ್ರ ಅವ್ವನ ಕೈಯದ್ದೇ ತಾ. ಹತ್ತಿರದ ಪೆನ್ ಹಿಲ್ಸ್‌ನಲ್ಲಿ 1976ರಿಂದ ವೆಂಕಟೇಶ್ವರ ಗುಡಿ ಇದೆ, ಹಬ್ಬಕ್ಕೆ ಕನ್ನಡದವರು ಸಿಗುತ್ತಾರೆ. ದಪ್ಪ ಜಾಕೆಟ್ ನಮ್ಮ ಕಡೆ ಕೊಳ್ಳಬೇಡ, ಇಲ್ಲಿಯ ಚಳಿಗೆ ಸಾಲುವುದಿಲ್ಲ. ಚಳಿಗಿಂತ ಮೋಡವೇ ಜಾಸ್ತಿ ಕಾಡುತ್ತೆ. ವಾರಗಟ್ಟಲೆ ಬಿಸಿಲು ಕಾಣದೆ ಮನಸ್ಸು ಕುಗ್ಗುತ್ತೆ. ಆಗ ರೂಮಿನಲ್ಲಿ ಒಬ್ಬಳೇ ಕೂರಬೇಡ, ನಮ್ಮ ಮನೆಗೆ ಬಾ.

ಓದಿನ ರೀತಿಯೂ ಬೇರೆ. ಪ್ರೊಫೆಸರ್ ಪ್ರತಿ ವಾರ ಇಂತಿಷ್ಟು ಹೊತ್ತು ಅಂತ ಬಾಗಿಲು ತೆರೆದು ಕೂರುತ್ತಾರೆ. ಅರ್ಥವಾಗದ್ದನ್ನು ಹೋಗಿ ಕೇಳಬೇಕು. ನಮ್ಮ ಕಡೆಯ ಮಕ್ಕಳು ಸಂಕೋಚಪಟ್ಟು ಹೊರಗೇ ನಿಲ್ಲುತ್ತಾರೆ, ನನಗೆ ಅದು ತುಂಬಾ ಬೇಜಾರು. ಅಷ್ಟು ಫೀ ಕಟ್ಟುವುದು ಆ ಜನರ ಎದುರು ಕೂತು ಕಲಿಯೋದಕ್ಕೆ.

ಈ ವಾರವೇ ವಿಭಾಗಕ್ಕೆ ಇಮೇಲ್ ಬರಿ. ಮಾಸ್ಟರ್ಸ್‌ನವರಿಗೆ ಟೀಚಿಂಗ್ ಅಸಿಸ್ಟೆಂಟ್ ಕೆಲಸ ಎಷ್ಟು ಜನರಿಗೆ ಸಿಗುತ್ತೆ, ಸೀಟನ್ನು ಮುಂದಿನ ವರ್ಷಕ್ಕೆ ಹಾಕಿಸಬಹುದಾ ಅಂತ ಕೇಳು. ಉತ್ತರ ಬಂದ ಮೇಲೆ ನನಗೆ ತಿಳಿಸು. ಅಪ್ಪನ ಜೊತೆ ನಾನೇ ಫೋನಿನಲ್ಲಿ ಮಾತಾಡುತ್ತೇನೆ.